ಎರಡೂರಿನ ಸಂಸಾರ

ಪಕೀರಪ್ಪ ಚಹಾ ಮುಗಿಸಿ, ಮನೆಯ ಯಜಮಾನ ಇವರೇ ಎಂದುಕೊಂಡು ಭಾರತಿಯ ಅಜ್ಜ ಬಾಲಪ್ಪನ ಕಡೆ ತಿರುಗಿದ. ಹುಡುಗ ಹುಡುಗಿ ಒಪ್ಪಿದ್ದಾಗಿತ್ತು. ಆದರೆ ಭಾರತಿಯ ನರ್ಸ್ ಕೆಲಸ ಲಿಂಗಸುಗೂರಿನಲ್ಲಿ, ಪಕೀರಪ್ಪನ ಅಣ್ಣನ ಮಗ ವೀರೇಶ ಮಾಸ್ತರಾಗಿರುವುದು ಸಿಂಧನೂರಿನಲ್ಲಿ. ಹುಡುಗಿ ಕೆಲಸ ಬಿಟ್ಟರಷ್ಟೇ ಮುಂದಿನ ಮಾತು ಎಂದು ಪಕೀರಪ್ಪನ ಪಟ್ಟು. ಬಾಗಿಲಲ್ಲಿ ನಿಂತಿದ್ದ ಭಾರತಿ ಖಾಲಿ ತಟ್ಟೆಯನ್ನು ಎದೆಗೊತ್ತಿ ಹಿಡಿದಿದ್ದಳು. ಕಷ್ಟಪಟ್ಟು ಪಡೆದ ಕೆಲಸ ಅದು. ವೀರೇಶನೂ ಇಷ್ಟವಾಗಿದ್ದ.

"ಗಂಡ ಒಂದೂರಾಗ, ಹೆಂಡ್ತಿ ಒಂದೂರಾಗ ಇದ್ರ ಅದೆಂಥಾ ಸಂಸಾರ್ರೀ? ಮನಿ ಹಿರೇರು, ನೀವೇ ಹೇಳ್ರಿ."

"ಇದು ನನ್ನ ಮನಿ ಅಲ್ರಿ" ಎಂದ ಬಾಲಪ್ಪ. "ಇಲ್ಲಿ ನಾನೂ ನಿಮ್ಮಂಗ ಬೀಗ."

ಬಿಡಿಸಿ ಹೇಳಿದವಳು ಅವನ ಹೆಂಡತಿ ಮುದುಕಮ್ಮ. ಗುರುಗುಂಟಾದ ಈ ಮನೆ ಅವಳ ತವರು. ಮದುವೆಯ ಹೊತ್ತಿಗೆ ಅವಳ ಅಪ್ಪನ ಕಣ್ಣು ಹೋಗಿದ್ದವು, ಕುರಿ ನೋಡುವವರು ಬೇರೆ ಯಾರೂ ಇರಲಿಲ್ಲ. ದಢೇಸುಗೂರಿನಲ್ಲಿ ಬಾಲಪ್ಪನ ಗದ್ದೆಗೆ ಆಗಷ್ಟೇ ಕಾಲುವೆ ನೀರು ಬಂದಿತ್ತು. ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವ ಮೊದಲೇ ಇಬ್ಬರೂ ಮಾತಾಡಿಕೊಂಡರು: ಅವರವರ ಊರಲ್ಲಿ ಅವರವರು. ಬಸ್ಸಿಳಿದು ಬಂದವರು ಬೀಗರು, ಮನೆಯಲ್ಲಿದ್ದವರು ರೊಟ್ಟಿ ಬಡಿಯಬೇಕು.

ಜಗಳ ಬರಲಿಲ್ಲವೇ ಎಂದು ಪಕೀರಪ್ಪ ಕೇಳಿದ.

"ಬಂದಾವಲ್ಲ. ಒಂದ್ಸಲ ಮಾತು ಬಿಟ್ಟಿದ್ವಿ. ಆಮ್ಯಾಲೆ ರಾಜಿ ಆಗೂಣಂತ ನಾ ಆಕಡಿ ಹೊಂಟೆ, ಇವರು ಈಕಡಿ ಹೊಂಟ್ರು. ಒಂದೇ ದಿನ. ಮಸ್ಕಿ ಹತ್ರ ಎಲ್ಲೋ ಬಸ್ಸಿಗೆ ಬಸ್ಸು ದಾಟ್ಯಾವ. ಮೊದ್ಲು ಯಾರು ವಾಪಸ್ ಬರಬೇಕಂತ ಇಬ್ರಿಗೂ ಹಟ. ಇವರು ನನ್ನ ಕುರಿ ಕಾದ್ರು, ನಾ ಇವರ ಗದ್ದಿಗೆ ನೀರು ತಿರುವಿದೆ."

"ಸಸಿ ಮುಳುಗಿಸಿದ್ಲು" ಎಂದ ಬಾಲಪ್ಪ.

"ನೀವು ಟಗರು ಕಳದದ್ದು ಹೇಳ್ರಿ."

ಪಕೀರಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕ. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ವೀರೇಶ ಬಾಯಿಬಿಟ್ಟ.

"ಮುತ್ಯಾ, ರೊಟ್ಟಿ ಬಡಿಯೋದು ಹೆಂಗ ಕಲಿತ್ರಿ?"

"ಇನ್ನೂ ಕಲಿಯಾಕತ್ತೀನಪ್ಪ."

"ನಂಗೂ ಕಲಿಸ್ರಿ. ಕಾಕಾ, ಆಕಿ ಕೆಲಸ ಬಿಡೋದು ಬ್ಯಾಡ."

ಪಕೀರಪ್ಪ ಅವನ ಮುಖ ನೋಡಿದ, ಭಾರತಿಯ ಮುಖ ನೋಡಿದ. ಎಲೆ-ಅಡಿಕೆ ತರಲು ಹೇಳಿದ.

ಹೊರಡುವಾಗ, ತನ್ನೂರಿಗೆ ಮರಳಬೇಕಿದ್ದ ಬಾಲಪ್ಪನೂ ಸಿಂಧನೂರಿನವರೆಗೆಂದು ಅವರ ಕಾರು ಹತ್ತಿದ. ಕಾರು ಓಣಿ ತಿರುಗುವಷ್ಟರಲ್ಲಿ, ಬೆಳಗಿನಿಂದ ದೊಡ್ಡಿಯಲ್ಲೇ ಇದ್ದ ಕುರಿಗಳನ್ನು ಮುದುಕಮ್ಮ ಬಿಟ್ಟಿದ್ದಳು. ದಾರಿ ತುಂಬ ಕುರಿ. ಅವುಗಳ ಹಿಂದೆ ಕೋಲು ಹಿಡಿದು ಅವಳು, ಯಾವ ಅವಸರವೂ ಇಲ್ಲದೆ. ಹಾರನ್ ಒತ್ತಲು ಹೋದ ವೀರೇಶನ ಕೈಯನ್ನು ಬಾಲಪ್ಪ ಮೆಲ್ಲಗೆ ತಡೆದ. ಆಮೇಲೆ ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಧೂಳಿನಲ್ಲಿ ಅವಳನ್ನೇ ನೋಡುತ್ತ ಕೂತ.