ಎರಡು ಇಂಚು ಕಡಿಮೆ, ಆರು ಇಂಚು ಹೆಚ್ಚು

ಮುನೀಂದ್ರ ಯಾವ ವಸ್ತುವನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ತಲೆ ವಾಲಿಸಿ, ಅದರ ನಾದವನ್ನು ಕೇಳದೆ ನಂಬಿದವನಲ್ಲ. ತೆಂಗಿನಕಾಯಿಯನ್ನು ಎಲ್ಲರೂ ತಟ್ಟುತ್ತಾರೆ; ಅವನು ಹೊಸ ಕುರ್ಚಿಯನ್ನು, ಗೋಡೆಯ ಗಾರೆಯನ್ನು, ಮದುವೆಮನೆಯಲ್ಲಿ ಕೈಗೆ ಕೊಟ್ಟ ಸ್ಟೀಲಿನ ಲೋಟವನ್ನು ಕೂಡ ತಟ್ಟುತ್ತಿದ್ದ. ವರ್ತೂರಿನಲ್ಲಿ ಅವನ ಮನೆಯ ಮೇಲಂತಸ್ತಿಗೆ ನಾನು ಬಾಡಿಗೆಗೆ ಬಂದ ದಿನ ನನ್ನ ಪುಸ್ತಕದ ಬೀರುವನ್ನು ಮೂರು ಕಡೆ ತಟ್ಟಿ, “ಹಿಂದ್ಗಡೆ ಪ್ಲೈವುಡ್ ಬಿಟ್ಕೊಂಡಿದೆ ಮೇಷ್ಟ್ರೇ” ಎಂದ. ಬಿಟ್ಟುಕೊಂಡಿತ್ತು. ಪೀಣ್ಯದಲ್ಲಿ ಅವನದೊಂದು ಪುಟ್ಟ ಗ್ರೈಂಡಿಂಗ್ ವರ್ಕ್‌ಷಾಪು. ಅಲ್ಲಿ ಸಾಣೆಚಕ್ರವನ್ನು ಯಂತ್ರಕ್ಕೆ ಏರಿಸುವ ಮುನ್ನ ತಟ್ಟಿ ಕೇಳಬೇಕು. ಗಂಟೆಯಂತೆ ನುಡಿದರೆ ಕ್ಷೇಮ, ಮಂಕಾಗಿ ನುಡಿದರೆ ಒಳಗೆ ಬಿರುಕಿದೆ, ತಿರುಗುವಾಗ ಸಿಡಿದು ಎದುರಿಗಿದ್ದವನ ಪ್ರಾಣ ತೆಗೆಯುತ್ತದೆ. ಮೂವತ್ತು ವರ್ಷ ಹೀಗೆ ಕಿವಿಗೊಟ್ಟು ಬದುಕಿದವನಿಗೆ ಲೋಕದ ತುಂಬ ಕಾಣದ ಬಿರುಕುಗಳೇ ಇವೆಯೆಂಬ ಗುಮಾನಿ ಬಂದಿದ್ದರೆ ಆಶ್ಚರ್ಯವಿಲ್ಲ.

ನನಗಿಂತ ಎರಡು ವರ್ಷ ಚಿಕ್ಕವನಾದ್ದರಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ. ಮನೆ ಮಾಲೀಕನ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಸಲುಗೆ ತೋರುವ ಧೈರ್ಯ ನನಗಿಲ್ಲ. ಐವತ್ತಾರರ ಒಣಕಲು ದೇಹ, ಭಾನುವಾರವೂ ಮೈಬಿಡದ ಖಾಕಿ ಕೋಟು, ಅದರ ಎದೆಜೇಬಿನಲ್ಲಿ ಆರಂಗುಲದ ಸ್ಟೀಲ್ ಸ್ಕೇಲು. ನಡೆಯುವಾಗ ತಲೆ ಮುಂದೆ, ಕಾಲು ಹಿಂದೆ. ಕೂತರೆ ಕುರ್ಚಿಯ ಅಂಚಿನಲ್ಲಿ ಮಾತ್ರ, ಯಾರೋ ಈಗಲೇ ಎಬ್ಬಿಸಲು ಬರುತ್ತಾರೆಂಬಂತೆ. ಬೆಳಗಿನ ಆರಕ್ಕೆ ಕೆಳಗಿನ ಅಂಗಳದಲ್ಲಿ ಅವನ ಚಪ್ಪಲಿಯ ಶಬ್ದ ಗೇಟಿನಿಂದ ನಲ್ಲಿಗೆ, ನಲ್ಲಿಯಿಂದ ಗೇಟಿಗೆ ಸುಳಿದಾಡುವುದನ್ನು ಕೇಳಿಯೇ ನಾನು ಏಳುತ್ತಿದ್ದೆ. ಯಾವ ಮಾತಿಗೂ ಅವನು ಮೊದಲು “ಸರಿ” ಎನ್ನುತ್ತಿದ್ದ, ಉಸಿರು ತೆಗೆದುಕೊಂಡು “ಆದ್ರೂ” ಎನ್ನುತ್ತಿದ್ದ. ಆ ಎರಡು ಪದಗಳ ನಡುವೆ ಅವನ ಹೆಂಡತಿ ಶೋಭಾರಾಣಿಯ ಅರ್ಧ ಆಯುಷ್ಯ ಕಳೆದಿತ್ತು.

ಕಳೆದ ಯುಗಾದಿಯ ಮರುವಾರ ಅವನ ತಾಯಿ ಮುನಿಯಕ್ಕ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಕೀಲು ಬದಲಿಸಬೇಕಾಯಿತು. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಾಡಿಗೆ ಟ್ಯಾಕ್ಸಿಯವನು ವರ್ತೂರು ಕೋಡಿಯ ಹತ್ತಿರ ರಸ್ತೆಗೆ ಅಡ್ಡ ಹಾಕಿದ ಒಂದು ಹಂಪನ್ನು ಕಾಣದೆ ಹಾರಿಸಿದ. ಹಿಂದಿನ ತಗ್ಗು ಸೀಟಿನಲ್ಲಿ ಮುದುಡಿ ಕೂತಿದ್ದ ಮುನಿಯಕ್ಕ ಕಿರುಚಿದ ಕಿರುಚು ಮಗನ ಕಿವಿಯೊಳಗೆ ಉಳಿದುಬಿಟ್ಟಿತು. ಆ ವಾರವೇ ಅವನು ತನ್ನ ಹಳೆಯ ಸಣ್ಣ ಕಾರನ್ನು ಮಾರಿಬಿಟ್ಟ, ಅದರ ಸೀಟೂ ತಗ್ಗೆಂದು. ಇನ್ನು ಅಮ್ಮ ಹತ್ತಿದರೆ ಒಳ್ಳೆಯ ಗಾಡಿಯನ್ನೇ ಹತ್ತಬೇಕು, ಅಲ್ಲಿಯವರೆಗೆ ಯಾವ ಗಾಡಿಯೂ ಬೇಡ ಎಂದ.

ಮುನಿಯಕ್ಕನಿಗೆ ಹೋಗಬೇಕಾಗಿದ್ದದ್ದು ಒಂದೇ ಊರಿಗೆ. ಚಂದಾಪುರದಲ್ಲಿ ಅವಳ ತಂಗಿ ನಾಗಲಕ್ಷ್ಮಮ್ಮನಿದ್ದಳು. ಆಕೆಗೆ ಮರೆವಿನ ಕಾಯಿಲೆ ಹಿಡಿದಿತ್ತು. ಮನೆಯ ಹೊಸ್ತಿಲು ದಾಟಿಸಿದರೆ ಹೆದರಿ ಅಳುತ್ತಿದ್ದಳಾದ್ದರಿಂದ ಆಕೆಯನ್ನು ಇತ್ತ ಕರೆತರುವಂತಿರಲಿಲ್ಲ. ವಿಡಿಯೋ ಕಾಲಿನಲ್ಲಿ ಅಕ್ಕನ ಮುಖ ತೋರಿಸಿದರೆ ಟಿವಿ ಎಂದುಕೊಂಡು ಆರಿಸಲು ಹೇಳಿದ್ದಳಂತೆ. ಆದರೆ ಬೆಳಗೆದ್ದರೆ ಬಾಗಿಲಲ್ಲಿ ಕೂತು, “ಅಕ್ಕ ಬಂದ್ಲಾ?” ಎಂದು ಕೇಳುತ್ತಿದ್ದಳು. ಆಕೆಯ ಸೊಸೆ ಯಮುನಾ ವಾರಕ್ಕೊಮ್ಮೆ ಫೋನು ಮಾಡಿ ಇದನ್ನು ಹೇಳುತ್ತಿದ್ದಳು.

“ಅವ್ಳು ನನ್ನ ಮರ್ಯೋದ್ರೊಳ್ಗೆ ಒಂದ್ಸಲ ಕರ್ಕೊಂಡೋಗಪ್ಪ,” ಎಂದು ಮುನಿಯಕ್ಕ ನನ್ನೆದುರಿಗೇ ಮಗನನ್ನು ಕೇಳಿದಳು. ಅವಳು ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಹೀಗೆ ಶುರುವಾಯಿತು ನಮ್ಮ ಭಾನುವಾರಗಳ ದಿಗ್ವಿಜಯ. ಅವನಿಗೆ ನಿತ್ಯ ವರ್ತೂರಿನಿಂದ ಪೀಣ್ಯಕ್ಕೆ ಹೋಗಿ ಬರಬೇಕು, ರಿಂಗ್ ರೋಡಿನಲ್ಲಿ ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ. ಬೆನ್ನುಮೂಳೆ ಆಗಲೇ ಸೋತಿತ್ತು. ಅಮ್ಮನಿಗೆ ಹತ್ತಲು, ಇಳಿಯಲು, ಕೂರಲು ನೋವಾಗಬಾರದು. ಹೊಸದಕ್ಕೆ ಕೈ ಎಟುಕದು, ಆದ್ದರಿಂದ ಯಾರೋ ಶ್ರೀಮಂತರು ಓಡಿಸಿ ಬಿಟ್ಟ ಉತ್ತಮ ಗಾಡಿ. ವೈಟ್‌ಫೀಲ್ಡಿನಲ್ಲಿ ಹಳೆ ಕಾರು ಮಾರುವ ಒಂದು ಯಾರ್ಡಿನಲ್ಲಿ ಕಪ್ಪು ಬಣ್ಣದ ಜರ್ಮನ್ ಸೆಡಾನ್ ಒಂದಿತ್ತು, ಎಲೆಕ್ಟ್ರಾನಿಕ್ ಸಿಟಿಯ ಇನ್ನೊಂದರಲ್ಲಿ ಬಿಳಿಯ ದೊಡ್ಡ ಎಸ್‌ಯುವಿ. ಎರಡನ್ನೂ ಮಾರುವವರು “ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್” ಎಂದೇ ಹೇಳಿದರು. ಮುನೀಂದ್ರ ಎರಡರ ಬಾಗಿಲುಗಳನ್ನೂ ತಟ್ಟಿದ, ಯಾರ್ಡಿನವರು ನಗೆ ತಡೆದುಕೊಂಡರು, ಅವನು ಸೆಡಾನಿನ ಹಿಂಬಾಗಿಲಿನ ಕೆಳಗೊಂದು ಕಡೆ ಬೆರಳಿಟ್ಟು, “ಇಲ್ಲಿ ಡೆಂಟಿಗೆ ಪುಟ್ಟಿ ತುಂಬಿ ಪೇಂಟ್ ಹೊಡ್ದಿದೀರ” ಎಂದ ಮೇಲೆ ನಗೆ ನಿಂತು ಚಹ ಬಂತು.

ನನ್ನನ್ನೇಕೆ ಕರೆದೊಯ್ಯುತ್ತಿದ್ದನೆಂಬುದು ಎರಡನೆಯ ಭಾನುವಾರ ತಿಳಿಯಿತು. ಕುಳ್ಳನೆಂದು ಜೀವಮಾನವಿಡೀ ಹಾಸ್ಯಕ್ಕೊಳಗಾದ ನಾನು ಎತ್ತರದಲ್ಲಿ ಸರಿಯಾಗಿ ಮುನಿಯಕ್ಕನಷ್ಟೇ ಇದ್ದೆ. ನಾನು ಸೊಂಟ ಬಗ್ಗಿಸದೆ ಹತ್ತಬೇಕು, ಕಾಲನ್ನು ಹೊರಗೆ ಚಾಚಿಕೊಂಡು ಕೂರಬೇಕು, ಅವನು ನೆಲದಲ್ಲಿ ಮಂಡಿಯೂರಿ ನನ್ನ ಮೊಣಕಾಲಿಗೂ ಸೀಟಿಗೂ ಇರುವ ಅಂತರವನ್ನು ಅಳೆಯಬೇಕು. ಮೊಣಕಾಲು ಸೊಂಟಕ್ಕಿಂತ ಮೇಲೆ ಬರಕೂಡದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಲೆಕ್ಕ ಬಂತು: ಸೆಡಾನಿನ ಸೀಟು ಎರಡು ಇಂಚು ಕಡಿಮೆ, ಎಸ್‌ಯುವಿಯದು ಆರು ಇಂಚು ಹೆಚ್ಚು.

ಸೆಡಾನಿನಲ್ಲಿ ಅವನ ಬೆನ್ನಿಗೆ ಸ್ವರ್ಗವಿತ್ತು. ಒಮ್ಮೆ ಕೂತವನು ಹತ್ತು ನಿಮಿಷ ಏಳಲಿಲ್ಲ, ಅವನು ಪೂರ್ತಿ ಒರಗಿ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆದರೆ ಮನೆಯಿಂದ ಮುಖ್ಯರಸ್ತೆಯವರೆಗೆ ಹದಿನಾಲ್ಕು ಹಂಪುಗಳಿದ್ದವು. ಅವನು ಒಂದು ಬೆಳಿಗ್ಗೆ ಸ್ಕೇಲು ಹಿಡಿದು ಹದಿನಾಲ್ಕನ್ನೂ ಅಳೆದು ಬಂದ. ಮೂರು ಕಡೆ ಸೆಡಾನಿನ ಹೊಟ್ಟೆ ಉಜ್ಜುತ್ತದೆಂದು ತೀರ್ಮಾನವಾಯಿತು. ಮುಂದಿನ ವಾರ ಯಾವುದೋ ಅಪಾರ್ಟ್‌ಮೆಂಟಿನವರು ಹದಿನೈದನೆಯದನ್ನು ಹಾಕಿಸಿದರು. ಸರಿ, ಎಸ್‌ಯುವಿ. ಆದ್ರೂ ಅಮ್ಮ ಅದನ್ನು ಹತ್ತುವುದು ಹೇಗೆ? ಸರಿ, ಸೆಡಾನಿಗೆ ದಪ್ಪ ದಿಂಬು. ಆದ್ರೂ ದಿಂಬು ಜಾರಿದರೆ? ಜೂನ್ ಹೋಯಿತು, ಜುಲೈ ಹೋಯಿತು. ಯಮುನಾಳ ಫೋನುಗಳು ಬರುತ್ತಿದ್ದವು: ಅತ್ತೆ ಪಕ್ಕದ ಮನೆಯವರ ಹೆಸರು ಮರೆತರು, ಮೊಮ್ಮಗನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು, ನನ್ನನ್ನೇ ನರ್ಸಮ್ಮ ಅಂದರು. ಅಕ್ಕನನ್ನು ಮಾತ್ರ ಇನ್ನೂ ಕೇಳುತ್ತಿದ್ದಾರೆ.

“ಒಂದು ಟ್ಯಾಕ್ಸಿ ಮಾಡಿ, ನಿಧಾನಕ್ಕೆ ಹೋಗ್ಬಂದ್ರೆ ಆಯ್ತಲ್ರೀ,” ಎಂದಳು ಶೋಭಾರಾಣಿ. ಅವನು ಆ ದಿನ ಊಟ ಬಿಟ್ಟು ಎದ್ದುಹೋದ.

ನಾನೂ ಒಮ್ಮೆ ಕೇಳಿದೆ, ಇಷ್ಟು ತಡಮಾಡುವುದು ಸರಿಯೇ ಎಂದು. ಅವನು ಅಂಗಳದಲ್ಲಿ ನಿಂತಲ್ಲೇ ಕಾಲು ಬದಲಿಸುತ್ತ ತನ್ನ ಕಸುಬಿನ ಧರ್ಮವನ್ನು ತಿಳಿಸಿದ. “ನಮ್ ಲೈನಲ್ಲಿ ಲೇಟಾದ್ರೆ ಪಾರ್ಟಿ ಬೈತಾನೆ ಅಷ್ಟೆ ಮೇಷ್ಟ್ರೇ. ಕೈಕಾಲು ಹಿಡ್ದು ಸರಿ ಮಾಡ್ಬೋದು. ಸೈಜು ತಪ್ಪಿದ್ರೆ ಮುಗೀತು, ಆ ಪೀಸು ಗುಜರಿಗೆ.” ಈ ಮಾತು ನನಗೆ ಎಷ್ಟು ಘನವಾಗಿ ಕೇಳಿಸಿತೆಂದರೆ ಮುಂದಿನ ಭಾನುವಾರವೂ ಅವನ ಜೊತೆ ಹೊರಟೆ. ನಿಜ ಹೇಳಬೇಕೆಂದರೆ ಭಾನುವಾರಗಳು ನನಗೂ ರುಚಿಸಿದ್ದವು. ಪಾಠ ಹೇಳಿ ಬಸ್ಸಿನಲ್ಲಿ ಓಡಾಡುವವನಿಗೆ ಚರ್ಮದ ಸೀಟಿನ ಸುಖ ಪುಕ್ಕಟೆಯಾಗಿ ಸಿಕ್ಕಿತ್ತು. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಗಸ್ಟಿನ ಕೊನೆಗೆ ಎಸ್‌ಯುವಿ ಮನೆಗೆ ಬಂತು. ತನ್ನ ಬೆನ್ನಿನ ಸ್ವರ್ಗವನ್ನು ಅವನು ತಾಯಿಗಾಗಿ ಬಿಟ್ಟುಕೊಟ್ಟಿದ್ದ. ಇದನ್ನು ಬರೆಯದೆ ಹೋದರೆ ಅವನಿಗೆ ಅನ್ಯಾಯ. ಮರುದಿನವೇ ಹೊರಡುತ್ತಾರೆಂದು ನಾವೆಲ್ಲ ಎಣಿಸಿದೆವು. ಆದ್ರೂ ಆರು ಇಂಚು ಹೆಚ್ಚಿತ್ತಲ್ಲ. ವರ್ಕ್‌ಷಾಪಿನಲ್ಲಿ ಒಂದು ಉಕ್ಕಿನ ಮೆಟ್ಟಿಲು ಮಾಡಿದ. ಅದು ಕೂದಲೆಳೆಯಷ್ಟು ಅಲುಗುತ್ತಿತ್ತು, ಬಿಸಾಡಿದ. ಎರಡನೆಯದರ ಅಂಚು ಸೀರೆಗೆ ಸಿಕ್ಕೀತೆಂದು ತೋರಿತು. ಮೂರನೆಯದು ಬರುವಾಗ ದಸರಾ ರಜೆ ಮುಗಿದಿತ್ತು. ಆ ಮೆಟ್ಟಿಲನ್ನು ನಾನು ಹತ್ತಿ ನೋಡಿದ್ದೇನೆ. ದೇವಸ್ಥಾನದ ಕಲ್ಲು ಕೂಡ ಅಷ್ಟು ಸ್ಥಿರವಾಗಿರುವುದಿಲ್ಲ.

ಒಂದು ಶನಿವಾರ ಬೆಳಿಗ್ಗೆ ಮುನಿಯಕ್ಕ ತಂಗಿಗೆ ಮುಡಿಸಲೆಂದು ಕನಕಾಂಬರ ಕಟ್ಟಿಸಿಕೊಂಡು, ಕೋಡುಬಳೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗಾಡಿಯ ಹಿಂದಿನ ಸೀಟಿನಲ್ಲಿ ಕೂತಳು. ನಾನು ಮುಂದಿನ ಸೀಟಿನಲ್ಲಿದ್ದೆ. ಹಂಪು ಬಂದಾಗೆಲ್ಲ ಮುನೀಂದ್ರ ಉಸಿರು ಹಿಡಿಯುತ್ತಿದ್ದ, ಕನ್ನಡಿಯಲ್ಲಿ ತಾಯಿಯ ಮುಖ ನೋಡುತ್ತಿದ್ದ. ಅದರಲ್ಲಿ ನೋವಿನ ಗೆರೆಯೊಂದೂ ಮೂಡಲಿಲ್ಲ. ಚಂದಾಪುರದ ಆ ಇಕ್ಕಟ್ಟಾದ ಬೀದಿಯಲ್ಲಿ ಬಿಳಿಯ ದೊಡ್ಡ ಗಾಡಿ ನಿಂತಾಗ ನಾಗಲಕ್ಷ್ಮಮ್ಮ ಬಾಗಿಲಲ್ಲೇ ಕೂತಿದ್ದಳು. ಮೊದಲು ಗಾಡಿಯನ್ನು ನೋಡಿದಳು, ಆಮೇಲೆ ಕೋಟಿನ ಮುನೀಂದ್ರನನ್ನು, ಆಮೇಲೆ ಮೆಟ್ಟಿಲಿನ ಮೇಲಿಂದ ಇಳಿಯುತ್ತಿದ್ದ ಅಕ್ಕನನ್ನು. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

“ಜಮೀನು ಕೊಡಾಕಿಲ್ಲ ಕಣಮ್ಮ ನಾವು. ಆಗ್ಲೇ ಏಳಿ ಕಳ್ಸಿದೀವಲ್ಲ. ಓಗಿ, ಓಗಿ.”

ದೊಡ್ಡ ಗಾಡಿಯಲ್ಲಿ ಆ ಬೀದಿಗೆ ಬಂದವರೆಲ್ಲ ಒಂದು ಕಾಲದಲ್ಲಿ ಭೂಮಿ ಕೇಳಲೆಂದೇ ಬಂದವರು. ಆ ಭೂಮಿ ಮಾರಿಹೋಗಿ ಹದಿನೈದು ವರ್ಷವಾಗಿತ್ತು. ಯಮುನಾ ಒಳಗಿನಿಂದ ಓಡಿಬಂದು, “ಅತ್ತೆ, ನಿಮ್ಮಕ್ಕ ಬಂದವ್ರೆ ನೋಡಿ” ಎಂದು ಕೈ ಹಿಡಿದಳು. “ನಮ್ಮಕ್ಕ ಬಂದ್ರೆ ನಂಗೆ ಗೊತ್ತಾಗಾಕಿಲ್ವಾ?” ಎಂದಳು ನಾಗಲಕ್ಷ್ಮಮ್ಮ. ಒಂದು ಗಂಟೆ ಎದುರುಬದುರು ಕೂತರು. ಮುನಿಯಕ್ಕ ಕೊಟ್ಟ ಕೋಡುಬಳೆಯನ್ನು ತಂಗಿ ಮುಟ್ಟಲಿಲ್ಲ, ತೆಗೆದುಕೊಂಡರೆ ಸಹಿ ಹಾಕಬೇಕಾದೀತೆಂದು. “ಹೋದ ವಾರದವರೆಗೂ ಅಕ್ಕನ್ನ ಕೇಳ್ತಾನೇ ಇದ್ರು” ಎಂದು ಯಮುನಾ ನನ್ನೊಬ್ಬನಿಗೆ ಹೇಳಿದಳು. ನಾನು ಅದನ್ನು ಮುನೀಂದ್ರನಿಗೆ ಹೇಳಲಿಲ್ಲ, ಆದರೆ ಅವನು ಹತ್ತಿರದಲ್ಲೇ ನಿಂತಿದ್ದ.

ವಾಪಸು ಹೊರಟು ಸರ್ಜಾಪುರ ರಸ್ತೆ ಸೇರಿದೆವು. ಹಿಂದಿನ ಸೀಟಿನಿಂದ ಮುನಿಯಕ್ಕನ ದನಿ ಕೇಳಿತು. “ಸೀಟು ಬೋ ಚೆನ್ನಾಗೈತೆ ಕಣಪ್ಪ. ಒಂಚೂರೂ ನೋವಾಗ್ನಿಲ್ಲ.” ಮುನೀಂದ್ರ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ಕೂತ. ಸದಾ ಚಡಪಡಿಸುತ್ತಿದ್ದ ಆ ಮನುಷ್ಯ ಅಲುಗಾಡಲಿಲ್ಲ.

ನಮ್ಮ ಕೈಗಾರಿಕೆಯ ಬೀದಿಗಳಲ್ಲಿ ಇಂಥವರು ಬಹಳ ಜನ ಇದ್ದಾರೆ. ಬಾಯಿಬಿಟ್ಟು ಪ್ರೀತಿಯನ್ನು ಹೇಳಲಾರರು. ಬೇಕಾದವರಿಗೆ ಕೊಡುವ ವಸ್ತುವಿನಲ್ಲಿ ಒಂದು ಕೂದಲೆಳೆಯ ಕೊರತೆಯನ್ನೂ ಉಳಿಸಲಾರರು. ಅದಕ್ಕಾಗಿ ತಮ್ಮ ಬೆನ್ನು, ನಿದ್ದೆ, ಊಟ ಎಲ್ಲವನ್ನೂ ಒತ್ತೆಯಿಡುತ್ತಾರೆ. ಅವರು ಮಾಡಿದ ಕೆಲಸದಲ್ಲಿ ದೋಷ ಹುಡುಕಲು ಹೋದವರು ಬರಿಗೈಯಲ್ಲಿ ಮರಳಬೇಕು. ಯಾರಿಗಾಗಿ ಅದನ್ನು ಮಾಡಿದರೋ ಅವರಿಗೆ ಅದು ಬೇಕಾಗಿದ್ದ ದಿನ ಮಾತ್ರ ಕಳೆದುಹೋಗಿರುತ್ತದೆ. ಅವರ ತಾಯಂದಿರು ಅದನ್ನು ಬಲ್ಲರು. ಬಲ್ಲವರಾದ್ದರಿಂದಲೇ ಸೀಟನ್ನು ಹೊಗಳಿ, ಉಳಿದದ್ದನ್ನು ನುಂಗಿಕೊಂಡು, ಮಗ ಹಿಡಿದ ಕೈಯನ್ನು ಊರಿಕೊಂಡು ಮನೆಯ ಮುಂದೆ ಮೆಲ್ಲಗೆ ಇಳಿಯುತ್ತಾರೆ.