ಒಂದು ದಿನವೂ ತಣ್ಣೀರಿಲ್ಲ

ಜೆಲುವಿನ ಕಾಲಿನ ಅಳತೆಯೂ ಅವನ ಜೊತೆ ಕೆಲಸ ಮಾಡುತ್ತಿದ್ದ ಲಿವಿಯುವಿನ ಕಾಲಿನ ಅಳತೆಯೂ ಒಂದೇ, ನಲವತ್ತಮೂರು. ಹಾಗಾಗಿ ಲಿವಿಯು ಸತ್ತ ಮೇಲೆ ಅವನ ಬೂಟುಗಳು ಯಾರಿಗೆ ಹೋಗಬೇಕೆಂಬ ಬಗ್ಗೆ ಮನೆಯಲ್ಲಿ ಮಾತೇ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಟೀಲಿಯಾ ಗಂಡನ ಬಟ್ಟೆಗಳನ್ನು ಮಂಚದ ಮೇಲೆ ಮನುಷ್ಯ ಮಲಗಿದ ಹಾಗೆ ಜೋಡಿಸಿದಳು. ತಲೆಯ ಕಡೆ ಟೋಪಿ, ಅದರ ಕೆಳಗೆ ಬಿಳಿ ಅಂಗಿ, ಪ್ಯಾಂಟು, ಬೆಲ್ಟು, ಕಾಲುಚೀಲ, ಕೊನೆಯಲ್ಲಿ ಬೂಟು. ಅಂಗಿಯ ಜೇಬಿನಲ್ಲಿ ಮಡಿಸಿದ ಕರವಸ್ತ್ರ. ನಲವತ್ತನೆಯ ದಿನ, ಹೋದವನ ಹೆಸರಿನಲ್ಲಿ, ಅವನದೇ ಮೈಕಟ್ಟಿನ ಒಬ್ಬ ಗಂಡಸಿಗೆ ಇಷ್ಟನ್ನೂ ಕೊಡಬೇಕು. ಅವನು ಅದನ್ನು ತೊಟ್ಟು ಓಡಾಡಬೇಕು. ಇಲ್ಲದಿದ್ದರೆ ಹೋದವನು ಅಲ್ಲಿ ಬರಿಮೈಯಲ್ಲಿ ನಿಲ್ಲುತ್ತಾನೆ ಎಂದು ಅತ್ತೆ ಪರಸ್ಕೀವಾ ನಂಬಿದ್ದಳು. ಒಟೀಲಿಯಾ ನಂಬಿರಲಿಲ್ಲ. ಆದರೂ ಬೆಳಿಗ್ಗೆ ಕೂತು ಕಾಲುಚೀಲದ ಒಂದು ತೂತನ್ನು ಹೊಲಿದಿದ್ದಳು.

"ಹಿಮ್ಮಡಿ ನೋಡು, ಚಳಿಗಾಲದಲ್ಲಿ ಹೊಸದು ಹೊಡೆಸಿದ್ದ," ಎಂದಳು ಅತ್ತೆ. "ಜೆಲು ಇನ್ನೂ ಐದು ವರ್ಷ ಹಾಕ್ಕೋಬೋದು."

"ಹೂಂ."

"ಆ ಕಾಗದಕ್ಕೆ ಸಹಿ ಯಾವಾಗ ಹಾಕಿಸ್ತೀಯ?"

"ಬಟ್ಟೆ ಕೊಟ್ಟಾದ ಮೇಲೆ, ಅಮ್ಮ. ಅವನೇ ಹಾಗಂದಿದ್ದಾನೆ. ನಲವತ್ತು ಕಳೀಲಿ ಅತ್ತಿಗೆ, ಆಮೇಲೆ ಅಂತ."

ಕಾಗದ ಅಡುಗೆಮನೆಯ ಮೇಜಿನ ಖಾನೆಯಲ್ಲಿತ್ತು. ಒಂದೇ ಹಾಳೆ. ಗ್ರಂಥಾಲಯದ ತನ್ನ ಕೆಲಸದ ಮೇಜಿನಲ್ಲಿ, ಊಟದ ಬಿಡುವಿನಲ್ಲಿ ಅವಳೇ ಅದನ್ನು ಬೆರಳಚ್ಚು ಮಾಡಿದ್ದಳು. ಕೆಳಗೆ ಜೆಲುವಿನ ಹೆಸರು, ಸಹಿಗೆ ಖಾಲಿ ಜಾಗ.

ಲಿವಿಯು ಮನೆಮನೆಗೆ ಕೊಳವೆಯಲ್ಲಿ ಬಿಸಿನೀರು ಕಳಿಸುವ ನಗರಸಭೆಯ ವಿಭಾಗದಲ್ಲಿ ವೆಲ್ಡರ್ ಆಗಿದ್ದ. ಏಪ್ರಿಲ್ ಕೊನೆಯಲ್ಲಿ ಮೊರಿಲೋರ್ ಬೀದಿಯ ಕೆಳಗೆ ದೊಡ್ಡ ಕೊಳವೆ ಸೋರತೊಡಗಿತು. ನೀರು ನಿಲ್ಲಿಸದೆ ಗುಂಡಿಗೆ ಇಳಿಯಬಾರದೆಂಬುದು ಆ ಕೆಲಸದವರು ಮೊದಲ ದಿನ ಕಲಿಯುವ ಪಾಠ. ಅಂದು ನೀರು ನಿಲ್ಲಿಸಲಿಲ್ಲ. ಲಿವಿಯು ಕೊಳವೆಗೆ ಪಟ್ಟಿ ಬಿಗಿಯುತ್ತಿದ್ದಾಗ ಅದು ಒಡೆದು ಕುದಿನೀರು ಅವನ ಮೇಲೆ ನುಗ್ಗಿತು. ಆಸ್ಪತ್ರೆಯಲ್ಲಿ ಅವನು ಮೂರು ದಿನ ಇದ್ದ. ಕೊಳವೆಗೆ ಅಂದೇ ತಾತ್ಕಾಲಿಕ ತೇಪೆ ಹಾಕಿ ಬಿಸಿನೀರು ಬಿಟ್ಟಿದ್ದರು.

ಮೇಲೆ ಹಗ್ಗ ಹಿಡಿದು ನಿಂತಿದ್ದವನು ಜೆಲು. ಎಳೆದು ಎಳೆದು ಅವನ ಎರಡೂ ಅಂಗೈಗಳ ಚರ್ಮ ಹಗ್ಗಕ್ಕೆ ಕಿತ್ತುಬಂದಿತ್ತು. ಕೈಗಳಿಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಅವನು ಹೇಳಿದ್ದ: "ಮೇಸ್ತ್ರಿಗೆ ಫೋನ್ ಬಂತು, ಅತ್ತಿಗೆ. ನಗರಸಭೆಯಿಂದ. ಸ್ಪೀಕರಲ್ಲಿಟ್ಟಿದ್ದ. ಚುನಾವಣೆ ಮುಗಿಯೋ ತನಕ ಯಾವ ಮನೆ ನಲ್ಲಿಯೂ ತಣ್ಣಗಾಗಬಾರದು ಅಂದ್ರು. ನನ್ನ ಕಿವಿಯಾರೆ ಕೇಳಿದ್ದೀನಿ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ವಿಭಾಗದ ವರದಿಯಲ್ಲಿ ಬೇರೆಯೇ ಇತ್ತು. ಮೃತನು ಯಾರ ಆದೇಶವೂ ಇಲ್ಲದೆ, ಸ್ವಂತ ಇಚ್ಛೆಯಿಂದ, ನಿಯಮ ಮೀರಿ ಇಳಿದನು. ಮೇಸ್ತ್ರಿ ಅದಕ್ಕೆ ಸಹಿ ಹಾಕಿದ್ದ. ಕಾರ್ಮಿಕ ಇಲಾಖೆಯವರು ಸೋಮವಾರ ಕಡತ ಮುಚ್ಚುತ್ತಾರೆ. ಅಷ್ಟರೊಳಗೆ ಖಾನೆಯಲ್ಲಿದ್ದ ಆ ಹೇಳಿಕೆ ಜೆಲುವಿನ ಸಹಿಯೊಂದಿಗೆ ತಲುಪದಿದ್ದರೆ ಲಿವಿಯು ತನ್ನ ಸಾವಿಗೆ ತಾನೇ ಕಾರಣನಾಗಿ ಆ ಕಡತದಲ್ಲಿ ಉಳಿಯುತ್ತಾನೆ.

ಬಾಗಿಲು ಬಡಿದ ಸದ್ದಾಯಿತು. ನೆಲಮಹಡಿಯ ಆವ್ರಾಮ್ ತಾತ. ಕೈಯಲ್ಲಿ ತನ್ನ ದೊಡ್ಡ ಪಾತ್ರೆ. ನಾಳೆ ಇಗರ್ಜಿಯಲ್ಲಿ ಸತ್ತವನ ಹೆಸರಿಗೆ ಇಡುವ ಕೊಲಿವಾಕ್ಕೆ ಗೋಧಿ ಬೇಯಿಸಲು ಇವರೇ ಅದನ್ನು ಕೇಳಿದ್ದರು. ತಲೆಯ ಮೇಲೆ ಮೇಯರ್ ಹಂಗಾನು ಹೆಸರಿನ ಹೊಸ ಟೋಪಿ.

"ಇದೇನು ವೇಷ, ತಾತ?" ಎಂದಳು ಪರಸ್ಕೀವಾ.

"ಬೋಳುತಲೆಗೆ ಬಿಸಿಲು ಪಕ್ಷ ನೋಡುತ್ತಾ? ನಿನ್ನೆ ಇನ್ನೊಬ್ಬ ಬಂದಿದ್ದ. ಅವನು ಬರೀ ಪೆನ್ನು ಕೊಟ್ಟ. ಪೆನ್ನಿಗೆ ಯಾರಮ್ಮ ಓಟು ಹಾಕ್ತಾರೆ?" ಎಂದು ನಕ್ಕವನು, ಮಂಚದ ಮೇಲಿನ ಬಟ್ಟೆಗಳನ್ನು ಕಂಡು ಟೋಪಿ ತೆಗೆದು ಜೇಬಿಗೆ ತುರುಕಿದ.

ಕಿಟಕಿಯಾಚೆ, ಎದುರಿನ ಕಟ್ಟಡದ ಗೋಡೆಯ ಮೇಲೆ ಮೇಯರ್ ನಾಲ್ಕು ಮಹಡಿಗಳಷ್ಟು ಎತ್ತರಕ್ಕೆ ನಿಂತಿದ್ದ. ಹಬೆಯಾಡುವ ನಲ್ಲಿಯ ಕೆಳಗೆ ಅಂಗೈ ಒಡ್ಡಿದ್ದ. ಕೆಳಗೆ ದಪ್ಪ ಅಕ್ಷರ: ನಾಲ್ಕು ವರ್ಷ. ಒಂದು ದಿನವೂ ತಣ್ಣೀರಿಲ್ಲ. ಒಟೀಲಿಯಾ ಪರದೆ ಎಳೆದು ಗೋಧಿ ತೊಳೆಯಲು ನಲ್ಲಿ ತಿರುಗಿಸಿದಳು. ನೀರು ಬಿಸಿಯಾಗಿಯೇ ಬಂತು.

ಶನಿವಾರ ಬೆಳಿಗ್ಗೆ ಏಳಕ್ಕೆ ಪ್ರಚಾರ ನಿಂತಿತು. ಮತದಾನದ ಮುನ್ನಾದಿನ ಮೈಕು ಹಚ್ಚುವಂತಿಲ್ಲ, ಸಭೆ ಸೇರಿಸುವಂತಿಲ್ಲ. ಆರು ವಾರಗಳಲ್ಲಿ ಮೊದಲ ಬಾರಿ ಬೀದಿಯಲ್ಲಿ ಗುಬ್ಬಿಗಳ ಸದ್ದು ಕೇಳಿತು.

ಇಗರ್ಜಿಯ ನಡುವೆ ಸಣ್ಣ ಮೇಜು. ಅದರ ಮೇಲೆ ತಟ್ಟೆಯಲ್ಲಿ ಕೊಲಿವಾ. ಬೆಂದ ಗೋಧಿಯ ಮೇಲೆ ಸಕ್ಕರೆ ಪುಡಿ, ಅದರ ಮೇಲೆ ಕೋಕೋದಲ್ಲಿ ಬಿಡಿಸಿದ ಶಿಲುಬೆ. ಲಿವಿಯುವಿನ ಜೊತೆ ಕೆಲಸ ಮಾಡುತ್ತಿದ್ದವರು ಏಳೆಂಟು ಮಂದಿ ಬಂದಿದ್ದರು. ಮೇಸ್ತ್ರಿ ಬಂದಿರಲಿಲ್ಲ. ಜೆಲು ಹಿಂದೆ, ಮೇಣದಬತ್ತಿ ಮಾರುವ ಕಟ್ಟೆಯ ಬಳಿ ನಿಂತಿದ್ದ. ಅವನನ್ನು ಕಂಡು ಒಟೀಲಿಯಾಳಿಗೆ ಉಸಿರು ಬಂದಂತಾಯಿತು. ಹಾಳೆ ಅವಳ ಕೈಚೀಲದಲ್ಲಿತ್ತು, ಪೆನ್ನೂ ಇತ್ತು.

ಪಾದ್ರಿ ಸತ್ತವರ ಹೆಸರುಗಳನ್ನು ಓದುತ್ತಿದ್ದಾಗ ಬಾಗಿಲ ಕಡೆ ಜನ ಸರಿದು ದಾರಿ ಬಿಟ್ಟರು. ಮೇಯರ್ ಹಂಗಾನು ಬಂದ. ಕಪ್ಪು ಸೂಟು, ಎದೆಯ ಮೇಲೆ ಪಕ್ಷದ ಬಿಲ್ಲೆ ಇಲ್ಲ, ಕೈಯಲ್ಲಿ ಉರಿಯುವ ಮೇಣದಬತ್ತಿ. ಹಿಂದೆ ಇಬ್ಬರು.

"ಪ್ರಚಾರ ಮಾಡೋ ಹಾಗಿಲ್ಲ ನೋಡು," ಎಂದು ಆವ್ರಾಮ್ ತಾತ ಒಟೀಲಿಯಾಳ ಕಿವಿಯಲ್ಲಿ ಪಿಸುಗುಟ್ಟಿದ. "ಪ್ರಾರ್ಥನೆ ಮಾಡೋಕೆ ಯಾವ ಕಾನೂನು ಅಡ್ಡ ಬರುತ್ತೆ?"

ಕೊನೆಯ ಹಾಡಿಗೆ ಎಲ್ಲರೂ ತಟ್ಟೆಯ ಸುತ್ತ ಕೂಡಿದರು. ಹತ್ತಿರದವರು ಅದರ ಅಂಚು ಹಿಡಿದರು. ಕೈಗೆಟುಕದವರು ಮುಂದಿದ್ದವರ ಹೆಗಲ ಮೇಲೆ ಕೈಯಿಟ್ಟರು. ಹಾಡಿನ ಜೊತೆಗೆ ತಟ್ಟೆ ಏಳುತ್ತದೆ, ಇಳಿಯುತ್ತದೆ. ಅದರೊಂದಿಗೆ ಕೈಗಳು, ಹೆಗಲುಗಳು, ಇಡೀ ಗುಂಪೇ ತೂಗುತ್ತದೆ. ಒಟೀಲಿಯಾಳ ಎದುರಿಗೇ ಮೇಯರನ ಕೈ ತಟ್ಟೆಯನ್ನು ಹಿಡಿದಿತ್ತು. ಕತ್ತರಿಸಿ ಒಪ್ಪ ಮಾಡಿದ ಉಗುರುಗಳು. ಅವಳು ತಲೆಯೆತ್ತಿ ಹಿಂದೆ ನೋಡಿದಳು. ಎಲ್ಲರೂ ಒಬ್ಬರಿಗೊಬ್ಬರು ತಾಗಿ ನಿಂತಿದ್ದರು. ಜೆಲು ಮಾತ್ರ ಕಟ್ಟೆಯ ಬಳಿಯೇ ಇದ್ದ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ.

ಆಗಲೇ ಅವಳಿಗೆ ತಿಳಿಯಬೇಕಿತ್ತು.

ಅಂಗಳದಲ್ಲಿ ಹಂಚುವ ಕೆಲಸ ಶುರುವಾಯಿತು. ಒಬ್ಬೊಬ್ಬರಿಗೆ ಒಂದು ಮಣ್ಣಿನ ಲೋಟ, ಒಂದು ಹಿಡಿ ಚೆರಿಹಣ್ಣು, ರೊಟ್ಟಿ, ಒಂದು ಮೇಣದಬತ್ತಿ. ಪಡೆದವರು "ದೇವರು ಅವನನ್ನು ಕ್ಷಮಿಸಲಿ" ಎನ್ನುತ್ತಿದ್ದರು. ಎಲ್ಲರೂ ಎಲ್ಲ ಸತ್ತವರಿಗೂ ಹೇಳುವ ಮಾತೇ ಅದು. ಒಟೀಲಿಯಾ ಬಟ್ಟೆಯ ಗಂಟನ್ನೆತ್ತಿಕೊಂಡು, ಲೇಸಿನಿಂದ ಜೋಡಿಸಿದ ಬೂಟುಗಳನ್ನು ಅದರ ಮೇಲಿಟ್ಟು, ಗೇಟಿನ ಕಡೆ ಹೊರಟಿದ್ದ ಜೆಲುವಿನ ಮುಂದೆ ಹೋಗಿ ನಿಂತಳು.

"ಬೇರೆ ಯಾರಿಗಾದ್ರೂ ಕೊಡಿ, ಅತ್ತಿಗೆ."

"ಯಾರಿಗೆ? ನಿನ್ನ ಅಳತೆದು ಇದು."

"ಗೊತ್ತು."

"ಹಾಗಾದ್ರೆ ಹಿಡ್ಕೋ. ಕೈ ಸೋಲ್ತಿದೆ."

ಅವನು ಕೈ ಹೊರಗೆ ತೆಗೆಯಲಿಲ್ಲ. ಅವಳ ಮುಖವನ್ನು ಬಿಟ್ಟು ಬೂಟುಗಳನ್ನೇ ನೋಡುತ್ತಿದ್ದ.

"ಗುರುವಾರ ವಿಭಾಗದವರು ಕರೆಸಿದ್ರು. ಬರ್ದುಕೊಟ್ಟೆ."

"ಏನಂತ?"

"ವ್ಯಾನ್ ಹತ್ರ ಇದ್ದೆ ಅಂತ. ಪಟ್ಟಿ ತರೋಕೆ ಹೋಗಿದ್ದೆ, ಫೋನು ಗೀನು ಏನೂ ಕೇಳ್ಸಿಲ್ಲ ಅಂತ."

"ಹಗ್ಗ?"

"ಕಂಬಕ್ಕೆ ಕಟ್ಟಿತ್ತು ಅಂತ."

"ಕೈ ತೋರ್ಸು, ಜೆಲು."

"ಅತ್ತಿಗೆ..."

"ಕಂಬಕ್ಕೆ ಕಟ್ಟಿದ್ದ ಹಗ್ಗ ನಿನ್ನ ಕೈ ಹೇಗೆ ಕಿತ್ತಿತು? ತೋರ್ಸು."

ಅವನು ತೋರಿಸಲಿಲ್ಲ. "ಮೇಸ್ತ್ರಿ ಮಾಡ್ತಾರೆ ನನ್ನ," ಎಂದ. "ಇನ್ನು ಮೇಲೆ ಗುಂಡಿಗೆ ಇಳಿಯೋದಿಲ್ಲ ನಾನು. ಪ್ರತಿದಿನ ಇಳಿಯೋವಾಗ ಕಾಲು ನಡುಗುತ್ತೆ, ನಿಮಗೇನು ಗೊತ್ತು? ಬಯ್ಯಿರಿ. ಉಗೀರಿ. ಅವನ ಬೂಟು ಮಾತ್ರ ನನ್ನ ಕಾಲಿಗೆ ಹಾಕಿಸ್ಬೇಡಿ."

ಸತ್ತವನ ಹೆಸರಿನಲ್ಲಿ ಕೊಡಲು ಹೋದದ್ದನ್ನು ಬೇಡವೆಂದವರನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಲೋಟ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೆಲು ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ, ಗೇಟು ದಾಟಿ ಹೋದ.

"ಏನು ತಂಗಿ, ತಗೊಳ್ಳೋರಿಲ್ವಾ?"

ಮೇಯರ್ ಪಕ್ಕದಲ್ಲಿ ನಿಂತಿದ್ದ. ಮೆಲ್ಲಗೆ ಮಾತಾಡಿದರೂ ಅಂಗಳದ ತುದಿಗೆ ಕೇಳುವ ದನಿ.

"ಸತ್ತವನ ಹೆಸರಲ್ಲಿ ಹೊರಗೆ ತಂದದ್ದನ್ನ ವಾಪಸ್ ಮನೆಗೆ ಒಯ್ಯಬಾರದು. ನನಗೆ ಕೊಡು. ನಾನೂ ಬಡವರ ಮನೆ ಹುಡುಗನೇ. ಅಪ್ಪ ಸತ್ತಾಗ ಅವನ ಕೋಟನ್ನ ಮೂರು ಚಳಿಗಾಲ ಹಾಕ್ಕೊಂಡವನು."

ಅವಳು ಗಂಟನ್ನು ಎದೆಗೆ ಒತ್ತಿಕೊಂಡಳು. ಬೂಟಿನ ಹಿಮ್ಮಡಿ ಪಕ್ಕೆಲುಬಿಗೆ ನೋಯುವಷ್ಟು ತಾಗಿತು.

"ಇದು ನಿಮ್ಮ ಅಳತೆ ಅಲ್ಲ," ಎಂದಳು.

"ಕೊಡು ಮಗಳೇ." ಅತ್ತೆ ಬಂದು ಅವಳ ತೋಳು ಹಿಡಿದಿದ್ದಳು. "ಕೇಳಿದೋರಿಗೆ ಇಲ್ಲ ಅನ್ನಬಾರದು. ಯಾರಾದ್ರೇನು? ನಲವತ್ತು ದಿನದಿಂದ ನನ್ನ ಮಗ ಬರಿಗಾಲಲ್ಲಿ ನಿಂತಿದ್ದಾನೆ. ಕೊಟ್ಟುಬಿಡು."

ಒಟೀಲಿಯಾ ಆ ಮುಖವನ್ನು ನೋಡಿದಳು. ಅಲ್ಲಿ ಮೇಯರೂ ಇರಲಿಲ್ಲ, ಚುನಾವಣೆಯೂ ಇರಲಿಲ್ಲ. ಬರಿಗಾಲಿನ ಒಬ್ಬ ಮಗ ಮಾತ್ರ ಇದ್ದ. ಅವಳು ತೋಳು ಸಡಿಲಿಸಿದಳು.

ಮೇಯರ್ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಗ್ಗಿ ಬೂಟುಗಳಿಗೆ ಮುತ್ತಿಟ್ಟ. "ದೇವರು ಅವನನ್ನು ಕ್ಷಮಿಸಲಿ," ಎಂದ. ಜನರ ತಲೆಗಳ ಮೇಲೆ ಫೋನುಗಳು ಎದ್ದಿದ್ದವು.

ಮಧ್ಯಾಹ್ನ ಆವ್ರಾಮ್ ತಾತ ಪಾತ್ರೆ ವಾಪಸು ಒಯ್ಯಲು ಬಂದವನು ಬಾಗಿಲಲ್ಲೇ ತನ್ನ ಫೋನು ಮುಂದೆ ಹಿಡಿದ. ಮೇಯರ್ ಬಗ್ಗಿದ್ದಾನೆ, ತುಟಿಗೆ ಬೂಟು, ಎದುರಿಗೆ ಕಪ್ಪು ಬಟ್ಟೆಯ ಒಬ್ಬ ಹೆಂಗಸು ಕೈಚಾಚಿ ಕೊಡುತ್ತಿದ್ದಾಳೆ.

"ಹನ್ನೊಂದು ಸಾವಿರ ಜನ ನೋಡಿದ್ದಾರೆ. ನಮ್ಮ ತಂಗಿ ಕಾನ್ಸ್ತಾಂತ್ಸಾದಿಂದ ಫೋನ್ ಮಾಡಿ ಅತ್ತಳು. ಎಂಥಾ ಮನುಷ್ಯ ಅಂತಾಳೆ." ಅವಳತ್ತ ನೋಡದೆ ಹೇಳಿದ: "ಒಂದು ಕಾಸೂ ಖರ್ಚಿಲ್ಲ, ಕಾನೂನೂ ಮುರಿಲಿಲ್ಲ. ಮೈಕೂ ಬೇಕಾಗಲಿಲ್ಲ ಬೇವರ್ಸಿಗೆ."

ಪರಸ್ಕೀವಾ ಒಳಗಿನ ಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಏಪ್ರಿಲ್ ನಂತರ ಅವಳು ಹಗಲಲ್ಲಿ ನಿದ್ದೆ ಮಾಡಿದ್ದು ಅದೇ ಮೊದಲು.

ಭಾನುವಾರ ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಮತದಾನ. ಪಟ್ಟಿ ಹಿಡಿದು ಕೂತಿದ್ದ ಹುಡುಗಿ ರೂಲುಕೋಲನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಒಟೀಲಿಯಾಳ ಹೆಸರಿಗೆ ತಂದಳು. ಅದರ ಮೇಲಿನ ಸಾಲಿನಲ್ಲಿ ಲಿವಿಯು ಇದ್ದ. ಯಾರೂ ಅಳಿಸಿರಲಿಲ್ಲ. ಅವನ ಹೆಸರಿನ ಮುಂದೆ ಸಹಿಗೆ ಖಾಲಿ ಜಾಗ.

"ಯಜಮಾನ್ರು ಆಮೇಲೆ ಬರ್ತಾರಾ?" ಎಂದಳು ಹುಡುಗಿ.

"ಇಲ್ಲ."

ಅವಳು ಪರದೆಯ ಹಿಂದೆ ಹೋಗಿ ಮುದ್ರೆ ಒತ್ತಿದಳು, ಪೆನ್ನು ಕೊಟ್ಟವನ ಹೆಸರಿನ ಮೇಲೆ. ಅವನ ಮುಖವೂ ಅವಳಿಗೆ ನೆನಪಿರಲಿಲ್ಲ. ಹೊರಗೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಅವಳನ್ನು ಗುರುತು ಹಿಡಿದು ದಾರಿ ಬಿಟ್ಟರು. ಒಬ್ಬಳು ಅವಳ ಕೈ ಹಿಡಿದು, "ಒಳ್ಳೇ ಕೆಲಸ ಮಾಡಿದೆ ಮಗಳೇ, ಬೂಟು ಒಳ್ಳೆಯವರ ಕೈ ಸೇರಿತು," ಎಂದಳು. ಸಂಜೆಯ ಹೊತ್ತಿಗೆ ಹಂಗಾನು ನೂರಕ್ಕೆ ಅರವತ್ತೆರಡು ಮತ ಪಡೆದಿದ್ದ.

ಸೋಮವಾರ ಬೆಳಿಗ್ಗೆ ಅವಳು ಬೇಗ ಎದ್ದಳು. ಕಾರ್ಮಿಕ ಇಲಾಖೆ ಒಂಬತ್ತಕ್ಕೆ ತೆರೆಯುತ್ತದೆ. ಸಹಿಯಿಲ್ಲದ ಹಾಳೆಯನ್ನು ಯಾರು ತೆಗೆದುಕೊಳ್ಳುತ್ತಾರೋ ಗೊತ್ತಿರಲಿಲ್ಲ. ಆದರೂ ಕೈಚೀಲದಲ್ಲಿ ಇಟ್ಟುಕೊಂಡಳು. ಮುಖ ತೊಳೆಯಲು ನಲ್ಲಿ ತಿರುಗಿಸಿದಳು. ಮೊದಲು ಬಂದದ್ದು ಬಿಸಿನೀರೇ. ಆಮೇಲೆ ಬೆಚ್ಚಗೆ. ಆಮೇಲೆ ಕೊಳವೆ ಒಮ್ಮೆ ಕೆಮ್ಮಿ, ನೀರು ಪೂರ್ತಿ ತಣ್ಣಗಾಯಿತು. ಅವಳು ಅದರ ಕೆಳಗೆ ಕೈಯೊಡ್ಡಿ, ಬೆರಳು ಜೋಮು ಹಿಡಿಯುವ ತನಕ ನಿಂತಳು.

ಕೆಳಗೆ ಮುಖ್ಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದ್ದರು. ಆವ್ರಾಮ್ ತಾತ ಕನ್ನಡಕ ಹಾಕಿಕೊಂಡು ಓದುತ್ತಿದ್ದ. ಮೊರಿಲೋರ್ ಬೀದಿಯ ಕೊಳವೆಯ ದುರಸ್ತಿಗಾಗಿ ಇಂದಿನಿಂದ ಹತ್ತು ದಿನ ಬಿಸಿನೀರು ಇರುವುದಿಲ್ಲ. ಕೆಲಸಗಾರರ ಸುರಕ್ಷತೆಗಾಗಿ ಸರಬರಾಜನ್ನು ಪೂರ್ತಿ ನಿಲ್ಲಿಸಲಾಗಿದೆ. ನಾಗರಿಕರು ಸಹಕರಿಸಬೇಕು. ಕೆಳಗೆ, ಮೇಸ್ತ್ರಿ ಎಂದಿದ್ದ ಕಡೆ, ಜೆಲುವಿನ ಸಹಿ.

"ಬೆಳಿಗ್ಗೆ ಆರಕ್ಕೆ ಬಂದಿದ್ರಂತೆ," ಎಂದ ತಾತ. "ಒಂದು ವಾಲ್ವು ತಿರುಗಿಸಿ ಹೋದ್ರಂತೆ, ಅಷ್ಟೇ. ಎರಡು ನಿಮಿಷದ ಕೆಲಸ. ಈಗ ಹತ್ತು ದಿನ ನನ್ನ ಮೂಳೆಗೆ ತಣ್ಣೀರು."

ಒಟೀಲಿಯಾ ಉಗುರಿನಿಂದ ಅಂಟಿನ ಮೂಲೆ ಎಬ್ಬಿಸಿ ಪ್ರಕಟಣೆಯನ್ನು ಹರಿಯದ ಹಾಗೆ ಬಿಡಿಸತೊಡಗಿದಳು.

"ಏ, ಅದನ್ಯಾಕೆ ಕೀಳ್ತೀಯ? ಬೇರೆಯವರಿಗೂ ಗೊತ್ತಾಗಬೇಕಲ್ಲ."

"ಗೊತ್ತಾಗುತ್ತೆ, ತಾತ. ನಲ್ಲಿ ತಿರುಗಿಸಿದ ಕೂಡಲೇ."

ಜೆಲುವಿನ ಸಹಿಯಿದ್ದ ಆ ಕಾಗದವನ್ನು ಮಡಿಸಿ, ಸಹಿಯಿಲ್ಲದ ಹಾಳೆಯ ಜೊತೆಗಿಟ್ಟುಕೊಂಡು ಅವಳು ಬಸ್ ನಿಲ್ದಾಣದ ಕಡೆ ನಡೆದಳು. ಎದುರಿನ ಗೋಡೆಯ ಮೇಲೆ ಇಬ್ಬರು ಕೆಲಸಗಾರರು ಹಗ್ಗಕ್ಕೆ ಜೋತುಬಿದ್ದು ಮೇಯರನ ಚಿತ್ರವನ್ನು ಮೇಲಿನಿಂದ ಬಿಚ್ಚುತ್ತಿದ್ದರು. ತಲೆ ಆಗಲೇ ಹೋಗಿತ್ತು. ನಲ್ಲಿಯ ಕೆಳಗೆ ಒಡ್ಡಿದ ಅಂಗೈ ಇನ್ನೂ ಇತ್ತು.