ಕಚ್ಚಾ ಎಣ್ಣೆಗೆ ಸಿಹಿ ಚಹಾ

ಎಣ್ಣೆಯಲ್ಲಿ ನೀರೆಷ್ಟಿದೆ ಎಂದು ಅಳೆಯುವ ಗಾಜಿನ ನಳಿಗೆಯ ತಳದಲ್ಲಿ ನೀರು ನಿಂತಿತ್ತು, ಇರಬೇಕಾದದ್ದಕ್ಕಿಂತ ಹೆಚ್ಚು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ. ನೀರು ಅಲ್ಲೇ ಇತ್ತು.

ಪಕ್ಕದ ಕೋಣೆಯಲ್ಲಿ ನಮ್ಮ ಮುಖ್ಯಸ್ಥ ಬಾಲಾಕಿಶಿ ಮೇಷ್ಟ್ರು ಕೂತಿದ್ದರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಕ್ಯಾಸ್ಪಿಯನ್ ದಡದ ಬಾಕುವಿನವರಾದ ನಾವು ಗೌರವಸ್ಥರನ್ನೆಲ್ಲ ಕರೆಯುವುದೇ ಹಾಗೆ. ಅವರೆದುರಿಗೆ ಇಟಲಿಯ ತ್ರಿಯೆಸ್ತೆಯಿಂದ ಎಣ್ಣೆ ಕೊಳ್ಳಲು ಬಂದಿದ್ದ ತುಲ್ಲಿಯೊ. ಕಿಟಕಿಯಾಚೆ ಕಪ್ಪು ಸಮುದ್ರದಲ್ಲಿ ಅವರ ಖಾಲಿ ಹಡಗು ಹೊಟ್ಟೆ ತೋರಿಸಿಕೊಂಡು ತೇಲುತ್ತಿತ್ತು.

ಅಲ್ಲಿಯವರೆಗೆ ನಮ್ಮ ಕಂಪನಿಯ ಎಣ್ಣೆ ಉತ್ತರದ ಕೊಳವೆಯಲ್ಲಿ ಹೋಗುತ್ತಿತ್ತು. ದಾರಿಯಲ್ಲಿ ನೆರೆಯ ರಷ್ಯನ್ನರ ಗಂಧಕದ ವಾಸನೆಯ ದಪ್ಪ ಎಣ್ಣೆಯೊಡನೆ ಬೆರೆತು ಅವರ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಕ್ಯಾಸ್ಪಿಯನ್ ಸಮುದ್ರದ ನಡುವೆ ನಿಂತು ನನ್ನ ಅಪ್ಪ ಆಯುಷ್ಯವಿಡೀ ತೆಗೆದ ತಿಳಿ ಎಣ್ಣೆಗೆ ಲೋಕದಲ್ಲಿ ಹೆಸರೇ ಇರಲಿಲ್ಲ. ಈಗ ಜಾರ್ಜಿಯಾದ ಈ ದಡಕ್ಕೆ ಬೇರೆ ಕೊಳವೆ ಬಂದಿತ್ತು. ಈ ಹಡಗು ತುಂಬಿದರೆ ನಮ್ಮ ಎಣ್ಣೆ ಮೊದಲ ಸಲ ನಮ್ಮ ಹೆಸರಿನಲ್ಲೇ ಹೊರಡುತ್ತದೆ. ಎಣ್ಣೆಯಲ್ಲಿ ನೀರು ಹೆಚ್ಚಿದ್ದರೆ ತುಲ್ಲಿಯೊ ಬೇಡವೆನ್ನುತ್ತಾರೆ. ಆಮೇಲೆ ಮತ್ತೆ ಉತ್ತರದ ಕೊಳವೆಯೇ ಗತಿ.

ಬೆಳಿಗ್ಗೆಯೇ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದಿದ್ದರು.

“ಜುಮ್ರುದ್, ಮಗಳೇ, ಅಂಕಿ ಹಿಡ್ಕೊಂಡು ಅತಿಥಿ ಮುಂದೆ ಓಡಿ ಬರ್ಬೇಡ. ಹೆಣ್ಣು ಕೇಳೋಕೆ ಬಂದೋರಿಗೆ ನಮ್ಮನೆಗಳಲ್ಲಿ ಹೇಗೆ ಉತ್ತರ ಕೊಡ್ತೀವೋ ಹಾಗೇ ಕೊಡು. ಒಪ್ಪಿಗೆ ಆದ್ರೆ ಸಕ್ಕರೆ ಕದಡಿದ ಚಹಾ. ಇಲ್ಲಾಂದ್ರೆ ಸಪ್ಪೆ. ಮರ್ಯಾದೆಯಾಗಿ ಮಾತು ಹೊಂದಿಸ್ಕೊಳ್ಳೋಕೆ ನಂಗೂ ಒಂದು ಗಳಿಗೆ ಸಿಗುತ್ತೆ.”

ನಾನು ಹಗಲು ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುತ್ತ, ಸಂಜೆ ಕಾಲೇಜಿನಲ್ಲಿ ಎಣ್ಣೆ ಪರೀಕ್ಷಿಸುವ ಈ ಕೆಲಸ ಕಲಿತವಳು. ಏನು ಕೆಟ್ಟರೂ ತಪ್ಪು ನನ್ನದೇ ಇರಬೇಕು ಅನ್ನಿಸುತ್ತದೆ. ಆ ದಿನವೂ ಅನ್ನಿಸಿತು. ಎಣ್ಣೆ ಕಾಯಿಸಿದ ಪಾತ್ರೆ ಸರಿಯಾಗಿ ಒಣಗಿತ್ತೇ? ಅದೇ ಗೂಡಿನಿಂದ ಇನ್ನೊಂದನ್ನು ತೆಗೆದು ಒಳಗೆ ಬೆರಳಾಡಿಸಿದೆ. ಬೆರಳು ಒದ್ದೆಯಾಯಿತು. ಬಾಕುವಿನ ಗಾಳಿಗೆ ಕ್ಷಣದಲ್ಲಿ ಒಣಗುವ ಗಾಜು ಈ ದಡದ ತೇವಕ್ಕೆ ಬೆವರುತ್ತಲೇ ಇರುತ್ತದೆ.

ಆದರೆ ನನಗೆ ಬೇಕಾದ ನೆಪವನ್ನೇ ನಾನು ಹುಡುಕಿಕೊಂಡೆನೇ? ಪಾತ್ರೆಯನ್ನು ಒಲೆಯಲ್ಲಿಟ್ಟು ಒಣಗಿಸಿ, ಹೊಸದಾಗಿ ಎಣ್ಣೆ ಹಾಕಿ ಕಾಯಲಿಟ್ಟೆ. ಈ ಸಲ ಏನು ಬಂದರೂ ಅದೇ ಉತ್ತರ ಎಂದು ನನಗೆ ನಾನೇ ಹೇಳಿಕೊಂಡೆ.

ಚಹಾ ಮಾಡುವ ಪುಸ್ತಾ ಚಿಕ್ಕಮ್ಮ ಬಾಗಿಲಲ್ಲಿ ಇಣುಕಿದಳು. “ಏನೇ, ಸಕ್ಕರೆ ಹಾಕ್ಲೋ ಬೇಡ್ವೋ?”

“ಇನ್ನೂ ಗೊತ್ತಿಲ್ಲ ಚಿಕ್ಕಮ್ಮ. ಇನ್ನೊಂದ್ಸಲ ನೋಡ್ತಿದೀನಿ.”

“ಮದುವೆಗೂ ಹೀಗೇ ಇನ್ನೊಂದ್ಸಲ, ಇನ್ನೊಂದ್ಸಲ ಅಂದೆ. ಪಾಪ, ಆ ಹುಡುಗನ ಮೀಸೆ ನರೆತ್ಮೇಲೆ ಹೂಂ ಅಂದೆ!”

ಆವಿ ಮೇಲೇರಿ, ತಣ್ಣಗಾಗಿ, ನಳಿಗೆಗೆ ತೊಟ್ಟಿಕ್ಕತೊಡಗಿತು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಲೋಟಗಳ ಸದ್ದು.

“ಚಿಕ್ಕಮ್ಮ! ಚಹಾ ಕೊಟ್ಟುಬಿಟ್ಯಾ?”

“ಮತ್ತೇನು? ಮನೆಗೆ ಬಂದೋರನ್ನ ಒಣ ಗಂಟಲಲ್ಲಿ ಕೂರಿಸೋದಾ? ಸಕ್ಕರೆ ಹಾಕು ಅಂತ ನೀನು ಹೇಳ್ಲಿಲ್ಲ, ನಾನು ಹಾಕ್ಲಿಲ್ಲ.”

ಅರೆತೆರೆದ ಬಾಗಿಲಿನಿಂದ ಮೇಷ್ಟ್ರು ಕಾಣುತ್ತಿದ್ದರು. ತುಲ್ಲಿಯೊ ತಮ್ಮ ಮುರುಕು ರಷ್ಯನ್ನಿನಲ್ಲಿ ಮಾತಾಡುತ್ತಿದ್ದರು.

“ನಿಮ್ಮದೇ ಸುಖ. ಎಣ್ಣೆ ರಫ್ತು ಮಾಡೋ ದೇಶಗಳ ಕೂಟ ಸೇರಿದೋರ ಹಾಗಲ್ಲ. ಇಷ್ಟೇ ತೆಗೀಬೇಕು ಅಂತ ನಿಮಗೆ ಹೇಳೋರು ಯಾರೂ ಇಲ್ಲ.”

“ಹೇಳೋರೂ ಇಲ್ಲ, ಬೆನ್ನಿಗೆ ನಿಲ್ಲೋರೂ ಇಲ್ಲ,” ಎಂದರು ಮೇಷ್ಟ್ರು. “ನಮ್ಮ ಹುಡುಗಿಗೆ ನಾವೇ ವರ ಹುಡುಕ್ಬೇಕು.” ನಗುತ್ತ ಒಂದು ಗುಟುಕು ಕುಡಿದರು. ಆ ನಗು ಅಲ್ಲೇ ನಿಂತುಹೋಯಿತು.

ಓಡಿ ಹೋಗಿ ಹೇಳೋಣವೆಂದರೆ ಏನೆಂದು ಹೇಳಲಿ? ಉತ್ತರ ಇನ್ನೂ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ನಾನು ಉಗುರು ಕಚ್ಚುತ್ತ ನಿಂತೆ. ಹನಿ ನಿಧಾನವಾಯಿತು, ಕೊನೆಗೆ ನಿಂತೇಹೋಯಿತು. ಬಗ್ಗಿ ನೋಡಿದೆ. ನೀರು ತಳದಲ್ಲಿ ಬರೀ ಒಂದು ಸಾಸಿವೆಯಷ್ಟು! ಮಿತಿಯ ಗೆರೆಯಿಂದ ಎಷ್ಟೋ ಕೆಳಗೆ.

ಅಡುಗೆಮನೆಯ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಓಡಿದೆ. ಮೇಷ್ಟ್ರು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು. “ತುಲ್ಲಿಯೊ ಅವರೇ, ನಿಮ್ಮ ಹಡಗನ್ನ ಇಷ್ಟು ದೂರ ಕರೆಸಿ…”

ಅವರ ಲೋಟಕ್ಕೆ ಸಕ್ಕರೆ ಸುರಿದೆ. ತುಲ್ಲಿಯೊ ಲೋಟಕ್ಕೂ ಸುರಿದೆ. ಅವಸರಕ್ಕೆ ಅರ್ಧ ಮೇಜಿನ ಮೇಲೆ ಚೆಲ್ಲಿತು.

“ಅಯ್ಯೋ, ನಾನು ಕಾಫಿಗೂ ಸಕ್ಕರೆ ಹಾಕ್ಕೊಳ್ಳಲ್ಲಮ್ಮ!” ಎಂದರು ತುಲ್ಲಿಯೊ.

“ಇವತ್ತು ಹಾಕ್ಕೋಬೇಕು!” ಮೇಷ್ಟ್ರ ದನಿ ಮಾಡಿಗೆ ಮುಟ್ಟಿತು. “ಜುಮ್ರುದ್, ಇನ್ನೊಂದು ಚಮಚ!”

ಮುಚ್ಚಿಡಲು ಮನಸ್ಸಾಗಲಿಲ್ಲ. ಎರಡೂ ನಳಿಗೆಗಳನ್ನು ತಂದು ತುಲ್ಲಿಯೊ ಮುಂದಿಟ್ಟೆ. “ಮೊದಲ ಸಲ ಹೆಚ್ಚು ಬಂತು ಸಾರ್. ಪಾತ್ರೆ ಒದ್ದೆ ಇತ್ತು. ನನ್ನ ಮಾತು ನಂಬಬೇಡಿ, ನೀವೇ ಮಾಡಿ ನೋಡಿ.”

ಅವರು ಕೋಟು ಕಳಚಿ, ನಮ್ಮ ಎಣ್ಣೆ ತುಂಬಿ ತಾವೇ ಮುದ್ರೆ ಹಾಕಿಟ್ಟಿದ್ದ ಬಾಟಲಿ ತೆರೆದರು. ಪಾತ್ರೆಯನ್ನು ತಾವೇ ಒಣಗಿಸಿದರು. ನಾವೆಲ್ಲ ಒಲೆಯ ಸುತ್ತ ನಿಂತೆವು. ಕೊನೆಯ ಹನಿ ಬಿದ್ದ ಮೇಲೆ ಅವರು ನಳಿಗೆಯನ್ನು ಬೆಳಕಿಗೆ ಹಿಡಿದರು. ಅದೇ ಸಾಸಿವೆ. ನೇರ ಹೋಗಿ ಆ ಪಾಯಸದಂಥ ಚಹಾ ಎತ್ತಿ ಒಂದೇ ಉಸಿರಿಗೆ ಕುಡಿದುಬಿಟ್ಟರು. “ತುಂಬಿಸಿ,” ಎಂದರು.

ಮೇಷ್ಟ್ರು ಉಳಿದ ಎಣ್ಣೆಯಲ್ಲಿ ಬೆರಳದ್ದಿ, ಹೊಸ ಬಾವಿ ಚಿಮ್ಮಿದಾಗ ಮಾಡುವಂತೆ ನನ್ನ ಎರಡೂ ಕೆನ್ನೆಗೆ ಬಳಿದರು. ನಾನು ಅವರಿಗೆ ಬಳಿದೆ. ಪುಸ್ತಾ ಚಿಕ್ಕಮ್ಮ ತುಲ್ಲಿಯೊ ಅವರ ಬಿಳಿ ಗಡ್ಡವನ್ನೂ ಬಿಡಲಿಲ್ಲ. “ಬೀಗರಿಗೂ ಸ್ವಲ್ಪ!”

ಮಧ್ಯಾಹ್ನದ ಹೊತ್ತಿಗೆ ಹಡಗು ನೀರಿನಲ್ಲಿ ಗಂಭೀರವಾಗಿ ತಗ್ಗತೊಡಗಿತು. ಮೇಷ್ಟ್ರು ಬಾಕುವಿಗೆ ಫೋನು ಹಚ್ಚಿದರು. ಅಲ್ಲಿ ಕಚೇರಿಯವರೂ ನನ್ನ ಅಪ್ಪನೂ ಅವರಂಥ ಹಳೆಯ ಬಾವಿ ಕೆಲಸಗಾರರೂ ಬೆಳಗಿನಿಂದ ಕಾದು ಕೂತಿದ್ದರು. ಅಂಕಿ ಹೇಳಲು ಬಾಯಿ ತೆರೆದ ಮೇಷ್ಟ್ರು, ಏನು ತೋಚಿತೋ, ಫೋನನ್ನು ನನ್ನ ಕೈಗೆ ಕೊಟ್ಟರು.

“ಅಪ್ಪಾ,” ಎಂದೆ, “ಚಹಾ ಸಿಹಿಯಾಗಿದೆ.”

ಆ ಕಡೆಯಿಂದ ಎದ್ದ ಕೇಕೆಗೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಅದರ ನಡುವೆಯೇ ಪುಸ್ತಾ ಚಿಕ್ಕಮ್ಮ ಹಿಂದಿನಿಂದ ಕೂಗುತ್ತಿದ್ದಳು: “ಚಹಾ ಮಾಡಿದ್ದು ನಾನು ಅಂತ ಹೇಳೇ!”